ಅನ್ನ ಕಡಿಮೆ, ಉಪವಾಸ ಹೆಚ್ಚು: ಎರಡನ್ನೂ ಒಟ್ಟಿಗೆ ಹಿಡಿಯುವ ಮುನ್ನ ಹಾಕಬೇಕಾದ ಲೆಕ್ಕ

ಬೆಳಗಿನ ತಿಂಡಿ ಬಿಟ್ಟು ಮೂರು ತಿಂಗಳಾಯಿತು, ತೂಕ ಮಾತ್ರ ಇಳಿದಿಲ್ಲ ಎನ್ನುವವರ ದಿನಚರಿಯನ್ನು ಬಿಡಿಸಿ ನೋಡಿದರೆ ಹೆಚ್ಚುಕಡಿಮೆ ಹೀಗಿರುತ್ತದೆ. ಬೆಳಗ್ಗೆ ಏಳಕ್ಕೆ ಕಾಫಿ. ಹನ್ನೊಂದಕ್ಕೆ ಕಚೇರಿಯಲ್ಲಿ ಟೀ. ಮಧ್ಯಾಹ್ನ ಒಂದೂವರೆಗೆ ಒಂದು ಮುದ್ದೆ, ಸೊಪ್ಪಿನ ಸಾರು, ಮೇಲೆ ಒಂದಿಷ್ಟು ಅನ್ನ, ಮಜ್ಜಿಗೆ. ಸಂಜೆ ಐದಕ್ಕೆ ಟೀ, ಎರಡು ಬಿಸ್ಕತ್ತು. ರಾತ್ರಿ ಒಂಬತ್ತಕ್ಕೆ ಅನ್ನ, ಸಾರು, ಪಲ್ಯ, ಮೊಸರು. ಇದಕ್ಕೆ ಅವರು ಇಟ್ಟುಕೊಂಡ ಹೆಸರು '16-8 ಉಪವಾಸ': ಹದಿನಾರು ಗಂಟೆ ಖಾಲಿ ಹೊಟ್ಟೆ, ಎಂಟು ಗಂಟೆಯೊಳಗೆ ಊಟ.

ಇದರಲ್ಲಿರುವ ಪಿಷ್ಟವನ್ನು, ಅಂದರೆ ಎಲ್ಲರ ಬಾಯಲ್ಲಿರುವ 'ಕಾರ್ಬ್' ಅನ್ನು ಕೂಡಿಸಿ ನೋಡೋಣ. ನೂರು ಮಿಲಿಲೀಟರ್ ಹಾಲು, ಎರಡು ಚಮಚ ಸಕ್ಕರೆಯ ಕಾಫಿಗೆ 15 ಗ್ರಾಂ, ಹನ್ನೊಂದರ ಟೀಗೂ ಅಷ್ಟೇ. ನೂರು ಗ್ರಾಂ ಹಿಟ್ಟಿನ ಮುದ್ದೆಗೆ 67, ಜತೆಗಿನ 150 ಗ್ರಾಂ ಅನ್ನಕ್ಕೆ 42, ಸಾರಿನ ಬೇಳೆಗೂ ಮಜ್ಜಿಗೆಗೂ ಸೇರಿ 14. ಸಂಜೆಯ ಟೀ, ಬಿಸ್ಕತ್ತಿಗೆ 25. ರಾತ್ರಿಯ 300 ಗ್ರಾಂ ಅನ್ನಕ್ಕೆ 84, ಉಳಿದದ್ದಕ್ಕೆ 20. ಒಟ್ಟು 280 ಗ್ರಾಂ ದಾಟಿತು. ಪ್ರೋಟೀನ್ ಹುಡುಕಿದರೆ 40 ಗ್ರಾಂ ಸಿಗುವುದೂ ಕಷ್ಟ. ಇನ್ನು ಉಪವಾಸದ ಮಾತು: ರಾತ್ರಿ ಊಟ ಮುಗಿದದ್ದು ಒಂಬತ್ತೂವರೆಗೆ, ಸಕ್ಕರೆ ಹಾಲು ಒಳಗೆ ಹೋದದ್ದು ಬೆಳಗ್ಗೆ ಏಳಕ್ಕೆ. ಹದಿನಾರು ಗಂಟೆ ಎಂದುಕೊಂಡದ್ದು ನಿಜವಾಗಿ ಒಂಬತ್ತೂವರೆ ಗಂಟೆ.

ಈ ಊಟದಲ್ಲಿ ವಿಶೇಷವೇನೂ ಇಲ್ಲ, ದೇಶದ ಊಟವೇ ಹೀಗಿದೆ. 2025ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರ ಆಹಾರ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಬರುತ್ತಿರುವುದು ಪಿಷ್ಟದಿಂದ. ಅದೇ ಅಧ್ಯಯನ ಹೇಳಿದ ಇನ್ನೊಂದು ಮಾತು ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಲಿಲ್ಲ: ಅಕ್ಕಿಯ ಜಾಗದಲ್ಲಿ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದಿಟ್ಟ ಮಾತ್ರಕ್ಕೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗಿದ್ದು ಕಾಣಲಿಲ್ಲ. ಪಿಷ್ಟದ ಒಂದು ಪಾಲನ್ನು ಬೇಳೆಕಾಳು, ಹಾಲಿನ ಪದಾರ್ಥಗಳ ಪ್ರೋಟೀನ್‌ಗೆ ಬಿಟ್ಟುಕೊಟ್ಟಾಗ ಕಂಡಿತು. ರಾಗಿ ಎಷ್ಟು ಉಂಡರೂ ಆಗುತ್ತದೆ ಎಂದು ನಂಬಿದ ನಮಗೆ ಇದು ಮುಖ್ಯ. ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಪಿಷ್ಟವಿದ್ದರೆ ಅಷ್ಟೇ ರಾಗಿಯಲ್ಲಿ 67 ಗ್ರಾಂ ಇದೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಬಹಳ ಹೆಚ್ಚು, ಅದಕ್ಕಾಗಿ ಅದನ್ನೇ ಉಣ್ಣುವುದು ಒಳ್ಳೆಯದು. ಅಳತೆ ಮಾತ್ರ ಅದಕ್ಕೂ ಬೇಕು.

ಎರಡನ್ನೂ ಸೇರಿಸುವುದು ಏಕೆ

ನಾವು ಉಂಡ ಪಿಷ್ಟದಲ್ಲಿ ಒಂದು ಪಾಲು ಗ್ಲೈಕೋಜನ್ ಆಗಿ ದಾಸ್ತಾನಾಗುತ್ತದೆ: ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 300ರಿಂದ 500 ಗ್ರಾಂ. ಅನ್ನ ಉಂಡು ಮಲಗಿದವರ ಯಕೃತ್ತಿನ ದಾಸ್ತಾನು ಪೂರ್ತಿ ಬರಿದಾಗಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಪಿಷ್ಟ ಕಡಿಮೆ ಮಾಡಿದವರಲ್ಲಿ ದಾಸ್ತಾನು ಮೊದಲೇ ತಗ್ಗಿರುತ್ತದೆ, ಇನ್ಸುಲಿನ್ ಮಟ್ಟವೂ ಕೆಳಗಿರುತ್ತದೆ. ಹಾಗಾಗಿ ರಾತ್ರಿಯ ಉಪವಾಸದಲ್ಲೇ ದೇಹ ಕೊಬ್ಬಿನ ಕಡೆಗೆ ಬೇಗ ತಿರುಗುತ್ತದೆ. ಬೆಳಗ್ಗೆ ಹತ್ತಕ್ಕೆ ಕೈ ನಡುಗುವುದು, ಹಸಿವಿಗೆ ಸಿಟ್ಟು ಬರುವುದು ಬಹಳ ಮಂದಿಗೆ ಕಡಿಮೆಯಾಗುತ್ತದೆ. ಜೋಡಿ ವಿಧಾನದ ನಿಜವಾದ ಅನುಕೂಲ ಈ ಹಸಿವಿನ ಸಮಾಧಾನ. ಹಸಿವು ಹದಕ್ಕೆ ಬಂದರೆ ಒಟ್ಟು ತಿನ್ನುವುದು ಕಡಿಮೆಯಾಗುತ್ತದೆ, ತೂಕ ಇಳಿಯುವುದು ಆ ದಾರಿಯಿಂದ.

ಇಲ್ಲೊಂದು ತಪ್ಪು ತಿಳಿವಳಿಕೆ ಬಲವಾಗಿ ಕೂತಿದೆ. ಕೊಬ್ಬು ಉರಿಯುತ್ತಿದೆ ಎಂದರೆ ಹೊಟ್ಟೆಯ ಬೊಜ್ಜು ಕರಗುತ್ತಿದೆ ಎಂದೇ ಅರ್ಥವಲ್ಲ. ಬೆಳಗ್ಗೆ ಕಾಫಿಗೆ ಒಂದು ದೊಡ್ಡ ಚಮಚ ತುಪ್ಪ ಹಾಕಿ ಕುಡಿದರೆ ದೇಹ ಮೊದಲು ಉರಿಸುವುದು ಆ ತುಪ್ಪದ 130 ಕ್ಯಾಲೊರಿಯನ್ನು. ಸಕ್ಕರೆ ಏರಲಿಲ್ಲ ಎಂಬುದು ನಿಜ, ಆದರೆ ದಿನದ ಲೆಕ್ಕಕ್ಕೆ ಒಂದೂವರೆ ಚಪಾತಿಯಷ್ಟು ಶಕ್ತಿ ಸೇರಿತು.

ಗಡಿಯಾರ ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಪ್ರಯೋಗಗಳಿವೆ. ಅಮೆರಿಕದಲ್ಲಿ 116 ಜನರ ಮೇಲೆ 12 ವಾರ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪು ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಬೇಕಾದ್ದನ್ನು ತಿಂದಿತು, ಇನ್ನೊಂದು ಮೂರು ಹೊತ್ತು ಉಂಡಿತು. ಮೊದಲ ಗುಂಪು ಇಳಿಸಿದ್ದು ಸರಾಸರಿ 0.94 ಕೆ.ಜಿ., ಎರಡನೆಯದು 0.68 ಕೆ.ಜಿ. ವ್ಯತ್ಯಾಸವೆಂದು ಕರೆಯುವಷ್ಟೂ ಇಲ್ಲ. ವಿವರವಾಗಿ ತಪಾಸಣೆಗೆ ಒಳಗಾದವರಲ್ಲಿ ಇಳಿದ ತೂಕದ ಹೆಚ್ಚಿನ ಪಾಲು ಕೊಬ್ಬಾಗಿರಲಿಲ್ಲ, ಸ್ನಾಯುವೂ ಸೇರಿದ ಭಾಗವಾಗಿತ್ತು. ಇದು ನನಗೆ ತೂಕದ ಅಂಕಿಗಿಂತ ಹೆಚ್ಚು ಆತಂಕದ ವಿಷಯ. ಚೀನಾದ ಗುವಾಂಗ್‌ಝೌನಲ್ಲಿ 139 ಸ್ಥೂಲಕಾಯರ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂ ಗುಂಪಿಗೆ ಕ್ಯಾಲೊರಿ ಮಿತಿ ಒಂದೇ ಇತ್ತು. ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಉಂಡವರು 8 ಕೆ.ಜಿ., ಹೊತ್ತಿನ ಮಿತಿ ಇಲ್ಲದವರು 6.3 ಕೆ.ಜಿ. ಇಳಿದರು. ಸಂಖ್ಯಾಶಾಸ್ತ್ರದ ಕಣ್ಣಿಗೆ ಎರಡೂ ಒಂದೇ. ಕಾರ್ಬ್ ಕಡಿತದ ಕಥೆಯೂ ಬೇರೆಯಲ್ಲ: ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರ ಮೇಲೆ ನಡೆದು 2018ರಲ್ಲಿ ಬಂದ ಅಧ್ಯಯನದಲ್ಲಿ ಕಡಿಮೆ ಕಾರ್ಬ್‌ನವರು ವರ್ಷಕ್ಕೆ 6 ಕೆ.ಜಿ., ಕಡಿಮೆ ಕೊಬ್ಬಿನವರು 5.3 ಕೆ.ಜಿ. ಇಳಿದಿದ್ದರು.

ಇವೆಲ್ಲ ನೋಡಿದರೆ ನನ್ನ ಅಭಿಪ್ರಾಯ ಇಷ್ಟು. ಕನ್ನಡದ ಅಡುಗೆಮನೆಗೆ 20-30 ಗ್ರಾಂ ಕಾರ್ಬ್‌ನ 'ಕೀಟೋ' ಪಥ್ಯ ಹೊಂದುವುದಿಲ್ಲ. ಅಷ್ಟರಲ್ಲಿ ಒಂದು ಬಟ್ಟಲು ಕಾಳು ಸಾರಿಗೂ ಜಾಗವಿಲ್ಲ, ಸಸ್ಯಾಹಾರಿಗಳಿಗೆ ಪ್ರೋಟೀನ್‌ನ ಅರ್ಧ ದಾರಿಯೇ ಮುಚ್ಚಿಹೋಗುತ್ತದೆ. ದಿನಕ್ಕೆ 100ರಿಂದ 130 ಗ್ರಾಂ ಕಾರ್ಬ್, 14 ಗಂಟೆ ಉಪವಾಸ, ಸಂಜೆ ಏಳರೊಳಗೆ ಊಟ ಮುಗಿಸುವುದು: ವರ್ಷಗಟ್ಟಲೆ ನಡೆಸಬಹುದಾದದ್ದು ಇದು.

ಸಂಜೆ ಏಳು ಎಂದದ್ದಕ್ಕೂ ಕಾರಣವಿದೆ. ಅಮೆರಿಕದ ಅಲಬಾಮಾದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಎಂಟು ಗಂಡಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಮಧ್ಯಾಹ್ನ ಮೂರರೊಳಗೆ ದಿನದ ಊಟವೆಲ್ಲ ಮುಗಿಸಿದಾಗ ತೂಕ ಇಳಿಯದೆಯೇ ಇನ್ಸುಲಿನ್ ಮತ್ತು ರಕ್ತದೊತ್ತಡ ಸುಧಾರಿಸಿದವು. ಎಂಟೇ ಜನರ ಪ್ರಯೋಗವನ್ನು ಹೆಚ್ಚು ಎಳೆಯಬಾರದು, ಆದರೆ ತಡರಾತ್ರಿಯ ಅನ್ನಕ್ಕೆ ದೇಹ ಬೆಳಗಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ ಎಂಬುದು ಬೇರೆ ಕಡೆಯಿಂದಲೂ ಗೊತ್ತಿರುವ ಸಂಗತಿ. ಕತ್ತಲಾಗುವ ಮುನ್ನ ಉಣ್ಣುವ ಜೈನರ ನಿಯಮ ನಮ್ಮ ನಾಡಿನಲ್ಲಿ ಶತಮಾನಗಳಿಂದ ನಡೆದುಬಂದಿದೆ. ಏಕಾದಶಿಯ ಫಲಾಹಾರ ಮಾತ್ರ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಅರವತ್ತು ಗ್ರಾಂ ಅವಲಕ್ಕಿಯಲ್ಲಿ ಸುಮಾರು 46 ಗ್ರಾಂ ಪಿಷ್ಟ, ಅಷ್ಟೇ ಸಬ್ಬಕ್ಕಿಯಲ್ಲಿ 50ಕ್ಕೂ ಹೆಚ್ಚು. ವ್ರತ ವ್ರತವಾಗಿರಲಿ, ಅದನ್ನು ತೂಕ ಇಳಿಸುವ ಉಪವಾಸವೆಂದು ಎಣಿಸುವುದು ಬೇಡ. ರಾತ್ರಿ ಪಾಳಿಯವರು ಗಡಿಯಾರದ ಬದಲು ನಿದ್ದೆಯನ್ನು ಗುರುತಾಗಿಟ್ಟುಕೊಳ್ಳಲಿ: ಮಲಗುವ ಮೂರು ಗಂಟೆ ಮುಂಚೆ ಕೊನೆಯ ಊಟ.

ತಟ್ಟೆಯ ಅಳತೆ

ಮೊದಲ ವಾರ ಹೊತ್ತನ್ನು ಮಾತ್ರ ಹಿಡಿಯಿರಿ: 12 ಗಂಟೆ ಖಾಲಿ ಹೊಟ್ಟೆ, ನಡುವೆ ನೀರು, ಹಾಲು-ಸಕ್ಕರೆ ಇಲ್ಲದ ಕಾಫಿ ಅಥವಾ ಟೀ. ಎರಡನೇ ವಾರ ರಾತ್ರಿಯ ಅನ್ನ ಅರ್ಧ, ಸಕ್ಕರೆ ಪೂರ್ತಿ ಬಂದ್. ಮೂರನೇ ವಾರ ಉಪವಾಸ 14 ಗಂಟೆಗೆ, ಕಾರ್ಬ್ 130 ಗ್ರಾಂ ಒಳಗೆ. ಎಲ್ಲವನ್ನೂ ಸೋಮವಾರ ಒಂದೇ ದಿನ ಶುರು ಮಾಡಿದವರು ಗುರುವಾರಕ್ಕೆ ಬಿಡುವುದು ಮನಸ್ಸಿನ ದೌರ್ಬಲ್ಯದಿಂದಲ್ಲ. ಉಪ್ಪು, ನೀರು, ಶಕ್ತಿ ಮೂರೂ ಒಟ್ಟಿಗೆ ಕುಸಿದರೆ ಯಾರಿಗಾದರೂ ತಲೆ ತಿರುಗುತ್ತದೆ.

ಅಡುಗೆ ತಕ್ಕಡಿ ಒಂದು ಬೇಕು. ಒಂದು ವಾರ ತೂಗಿದರೆ ಸಾಕು, ಆಮೇಲೆ ಕಣ್ಣಿಗೇ ಅಳತೆ ಗೊತ್ತಾಗುತ್ತದೆ. ಯಾವಾಗಲೂ ಹಸಿ ಹಿಟ್ಟು, ಹಸಿ ಕಾಳನ್ನು ತೂಗಿ. ಬೆಂದ ಮೇಲೆ ನೀರಿನ ತೂಕ ಸೇರಿ ಲೆಕ್ಕ ತಪ್ಪುತ್ತದೆ: ನೂರು ಗ್ರಾಂ ಅಕ್ಕಿ ಬೆಂದಾಗ 280 ಗ್ರಾಂ ಆಸುಪಾಸು ಅನ್ನವಾಗುತ್ತದೆ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ ಕ್ರಿಕೆಟ್ ಚೆಂಡಿಗಿಂತ ದಪ್ಪ. ನಿಮಗೆ ಬೇಕಾದದ್ದು 40 ಗ್ರಾಂ ಹಿಟ್ಟಿನದು, ಕಟ್ಟಿದಾಗ ಟೆನ್ನಿಸ್ ಚೆಂಡಿಗಿಂತ ತುಸು ಸಣ್ಣದು, 27 ಗ್ರಾಂ ಕಾರ್ಬ್. ಮೂವತ್ತು ಗ್ರಾಂ ಹಿಟ್ಟಿನ ಒಂದು ಚಪಾತಿಗೆ 20 ಗ್ರಾಂ, 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಗೆ 34, 50 ಗ್ರಾಂ ರವೆಯ ಉಪ್ಪಿಟ್ಟಿಗೆ 35ರಷ್ಟು.

ಒಂದು ದಿನ ಹೀಗಿರಬಹುದು. ಬೆಳಗ್ಗೆ ಒಂಬತ್ತಕ್ಕೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ, ಎರಡು ಮೊಟ್ಟೆ, ಸಕ್ಕರೆ ಇಲ್ಲದ ಕಾಫಿ: ಕಾರ್ಬ್ 26 ಗ್ರಾಂ, ಪ್ರೋಟೀನ್ 25. ಮಧ್ಯಾಹ್ನ ಒಂದೂವರೆಗೆ 40 ಗ್ರಾಂ ಹಿಟ್ಟಿನ ಮುದ್ದೆ, 30 ಗ್ರಾಂ ಕಾಳಿನ ಬಸ್ಸಾರು, ಬೀನ್ಸ್ ಪಲ್ಯ, 120 ಗ್ರಾಂ ಕೋಳಿ ಅಥವಾ ಬಂಗುಡೆ, ಮಜ್ಜಿಗೆ: ಕಾರ್ಬ್ 50, ಪ್ರೋಟೀನ್ 35ರ ಮೇಲೆ. ಸಂಜೆ ಆರೂವರೆಗೆ ಒಂದು ಚಪಾತಿ, 80 ಗ್ರಾಂ ಪನೀರ್ ಹಾಕಿದ ತರಕಾರಿ, ಒಂದು ಬಟ್ಟಲು ಮೊಸರು, ಒಂದು ಹಿಡಿ ಕಡಲೆಬೀಜ: ಕಾರ್ಬ್ 35, ಪ್ರೋಟೀನ್ 30. ಇಡೀ ದಿನಕ್ಕೆ ಎಣ್ಣೆ ನಾಲ್ಕು ಟೀ ಚಮಚ. ಕಾರ್ಬ್ 110ರ ಆಸುಪಾಸು, ಪ್ರೋಟೀನ್ 90, ಒಟ್ಟು 1,400ರಿಂದ 1,500 ಕ್ಯಾಲೊರಿ. ದೊಡ್ಡ ಮೈಕಟ್ಟಿನವರಿಗೆ, ಮೈಮುರಿದು ದುಡಿಯುವವರಿಗೆ ಇದು ಸಾಲದು. ಅವರು ಹೆಚ್ಚಿಸಬೇಕಾದದ್ದು ಮೊದಲು ಕಾಳು, ಮೊಟ್ಟೆ, ಮೀನನ್ನು, ಆಮೇಲೆ ಮುದ್ದೆಯನ್ನು.

ಮನೆಗಳಲ್ಲಿ ಈ ಪದ್ಧತಿ ಮುರಿದುಬೀಳುವ ಜಾಗ ಪ್ರೋಟೀನ್. ಅನ್ನ ತೆಗೆದರು, ಜಾಗಕ್ಕೆ ಸೌತೆಕಾಯಿ ಕೋಸಂಬರಿ ಬಂತು, ರಾತ್ರಿ ಹತ್ತಕ್ಕೆ ಹೊಟ್ಟೆ ಕೂಗಿತು, ಮಿಕ್ಸ್ಚರ್ ಡಬ್ಬಿ ತೆರೆಯಿತು. ತೂಕ ಇಳಿಸುವ ತಿಂಗಳುಗಳಲ್ಲಿ ದೇಹದ ಪ್ರತಿ ಕೆ.ಜಿ.ಗೆ ಸುಮಾರು 1.2 ಗ್ರಾಂ ಪ್ರೋಟೀನ್ ಬೇಕು, 70 ಕೆ.ಜಿ.ಯವರಿಗೆ 84 ಗ್ರಾಂ. ಸಾರಿನ ಬೇಳೆಯಿಂದ ಇದು ಬರುವುದಿಲ್ಲ. ಮೂವತ್ತು ಗ್ರಾಂ ತೊಗರಿಬೇಳೆಯಲ್ಲಿ ಆರೂವರೆ ಗ್ರಾಂ ಪ್ರೋಟೀನ್ ಇದ್ದರೆ ಜತೆಗೆ 16 ಗ್ರಾಂ ಕಾರ್ಬ್ ಕೂಡ ಇದೆ, ತಿಳಿಸಾರಿನಲ್ಲಿ ಅದರ ಕಾಲು ಭಾಗವೂ ತಟ್ಟೆಗೆ ಬರುವುದಿಲ್ಲ. ಸಸ್ಯಾಹಾರಿಗಳಿಗೆ ಲೆಕ್ಕ ತುಂಬಿಸುವವು ಮೂರು: 100 ಗ್ರಾಂ ಪನೀರ್‌ನಲ್ಲಿ 18 ಗ್ರಾಂ, ಒಣಗಿದ ಸೋಯಾ ಚಂಕ್ಸ್ 30 ಗ್ರಾಂನಲ್ಲಿ 15, ಗಟ್ಟಿ ಮೊಸರು. ಹುರುಳಿ, ಹೆಸರು, ಅವರೆಕಾಳು ಇವುಗಳ ಜತೆಗಿರಲಿ.

ಒಂದೇ ಪಾತ್ರೆಯಲ್ಲಿ ಮನೆಮಂದಿಗೆಲ್ಲ ಬೇಯುವಾಗ ಒಬ್ಬರಿಗೆ ಬೇರೆ ಅಡುಗೆ ಮಾಡಲು ಯಾರಿಗೂ ಪುರುಸೊತ್ತಿಲ್ಲ. ಅದರ ಅಗತ್ಯವೂ ಇಲ್ಲ. ಬಡಿಸುವ ಕ್ರಮ ಬದಲಿಸಿದರೆ ಸಾಕು: ಮೊದಲು ಪಲ್ಯ, ಕಾಳು, ಮೊಟ್ಟೆ ಅಥವಾ ಮೀನು ಉಂಡು, ಸಣ್ಣ ಮುದ್ದೆಯನ್ನೋ ಅನ್ನವನ್ನೋ ಕೊನೆಗೆ ಹಾಕಿಸಿಕೊಳ್ಳುವುದು. ಊಟದ ನಂತರ ಏರುವ ಸಕ್ಕರೆಯೂ ಇದರಿಂದ ತಗ್ಗುತ್ತದೆ.

ಮೊದಲ ಹತ್ತು ದಿನ

ಮೊದಲ ವಾರವೇ ಒಂದೂವರೆ ಎರಡು ಕೆ.ಜಿ. ಇಳಿದರೆ ಹಿಗ್ಗಬೇಡಿ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ, ದಾಸ್ತಾನು ಖರ್ಚಾದಂತೆ ಆ ನೀರು ಹೊರಗೆ ಹೋಗುತ್ತದೆ. ಮದುವೆ ಊಟ ಒಂದು ಸಾಕು, ಅದರಲ್ಲಿ ಒಂದು ಕೆ.ಜಿ. ಮರುದಿನ ಬೆಳಗ್ಗೆ ವಾಪಸ್ ಬರುತ್ತದೆ. ಅದು ಕೊಬ್ಬಲ್ಲ, ಅಳುವುದೂ ಬೇಡ. ಒಂದು ಕೆ.ಜಿ. ಬೊಜ್ಜು ಎಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 500 ಕಡಿಮೆ ತಿಂದರೆ ಹದಿನೈದು ದಿನಕ್ಕೆ ಒಂದು ಕೆ.ಜಿ. ಇದೇ ಸರಿಯಾದ ವೇಗ. ವಾರಕ್ಕೆ ಒಂದೂವರೆ ಕೆ.ಜಿ. ಮೀರಿ ಇಳಿಯುತ್ತಾ ಹೋದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಹೆಚ್ಚು.

ಇನ್ಸುಲಿನ್ ತಗ್ಗಿದಾಗ ಮೂತ್ರಪಿಂಡ ಹೆಚ್ಚು ಉಪ್ಪನ್ನು ಹೊರಹಾಕುತ್ತದೆ. ತಲೆನೋವು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಇವೆಲ್ಲ ಅದರ ಲಕ್ಷಣ. ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರು ಈ ಹತ್ತು ದಿನ ಅರ್ಧ ಟೀ ಚಮಚ ಉಪ್ಪನ್ನು ಹೆಚ್ಚಿಗೆ ತೆಗೆದುಕೊಳ್ಳಬಹುದು. ಅದಕ್ಕೆ ಹೇಳಿ ಮಾಡಿಸಿದ್ದು ನಮ್ಮ ಬಸ್ಸಾರಿನ ಕಟ್ಟು: ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಪೊಟ್ಯಾಸಿಯಂ ಇಳಿದಿರುತ್ತದೆ, ಉಪ್ಪು, ಮೆಣಸು ಹಾಕಿ ಬಿಸಿಬಿಸಿಯಾಗಿ ಒಂದು ಲೋಟ ಊಟದ ಹೊತ್ತಿನಲ್ಲಿ ಕುಡಿಯಬೇಕು. ಮಲಬದ್ಧತೆಗೆ ದಿನಕ್ಕೆ ಎರಡೂವರೆ ಲೀಟರ್ ನೀರು, ಎರಡು ಹೊತ್ತೂ ಸೊಪ್ಪು ಅಥವಾ ತರಕಾರಿ.

ಸ್ನಾಯು ಉಳಿಸಿಕೊಳ್ಳಲು ನಡಿಗೆ ಸಾಲದು. ವಾರಕ್ಕೆ ಮೂರು ದಿನ ಬಸ್ಕಿ, ಗೋಡೆಗೋ ನೆಲಕ್ಕೋ ಕೈಕೊಟ್ಟು ದಂಡ, ನೀರು ತುಂಬಿದ ಕ್ಯಾನ್ ಎತ್ತುವುದು, ತಲಾ ಹನ್ನೆರಡರ ಮೂರು ಸುತ್ತು. ಐವತ್ತು ದಾಟಿದವರಿಗೆ ಇದು ಐಚ್ಛಿಕವಲ್ಲ.

ಮಾತ್ರೆ ನುಂಗುವವರು ಇದನ್ನು ಎರಡು ಸಲ ಓದಿ

ಈ ಲೇಖನದಲ್ಲಿ ಜೀವಕ್ಕೆ ಸಂಬಂಧಿಸಿದ ಭಾಗ ಇದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ ಮುಗಿದ ಮೇಲೆ ನಮ್ಮಲ್ಲಿ ಹಲವು ಕಂಪನಿಗಳು ಅದನ್ನು ಅಗ್ಗವಾಗಿ ಮಾರುತ್ತಿವೆ, ಮೆಟ್‌ಫಾರ್ಮಿನ್ ಜತೆ ಒಂದೇ ಮಾತ್ರೆಯಲ್ಲಿ ಸೇರಿಸಿಯೂ ಬರುತ್ತದೆ. ಒಳ್ಳೆಯ ಔಷಧಗಳೇ. ಆದರೆ ಇವುಗಳ ಜತೆ ಕಾರ್ಬ್ ತೀರಾ ಇಳಿಸಿ, ಮೇಲೆ ಉಪವಾಸವನ್ನೂ ಸೇರಿಸಿದರೆ ಕೊಬ್ಬು ಉರಿದಾಗ ಹುಟ್ಟುವ ಕೀಟೋನ್ ಆಮ್ಲ ರಕ್ತದಲ್ಲಿ ಮಿತಿಮೀರಿ ಏರಬಹುದು. ಮೋಸ ಇರುವುದು ಇಲ್ಲಿ: ಗ್ಲೂಕೋಮೀಟರ್‌ನಲ್ಲಿ ಸಕ್ಕರೆ 160, 180 ಎಂದು ತೋರಿಸುತ್ತಿರುತ್ತದೆ, ಮನೆಯವರು ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ವಿಪರೀತ ಸುಸ್ತು ಕಂಡರೆ ಸಕ್ಕರೆಯ ಅಂಕಿ ನೋಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಮೊದಲು ಹೇಳಿ, ರಕ್ತದ ಕೀಟೋನ್ ಪರೀಕ್ಷೆ ಕೇಳಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ 2015ರಲ್ಲೇ ಎಚ್ಚರಿಸಿದೆ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅಪಾಯ ಉಲ್ಟಾ: ಊಟ ಕಡಿಮೆಯಾದರೂ ಔಷಧ ಹಳೆಯ ಪ್ರಮಾಣದಲ್ಲೇ ಕೆಲಸ ಮಾಡಿ ಸಕ್ಕರೆ 70ಕ್ಕಿಂತ ಕೆಳಗೆ ಬೀಳುತ್ತದೆ. ಬೆವರು, ನಡುಕ, ಗೊಂದಲ ಕಂಡ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು, ಆ ಹೊತ್ತಿನಲ್ಲಿ ಉಪವಾಸದ ಮಾತೇ ಇಲ್ಲ. ಬಿ.ಪಿ. ಮಾತ್ರೆಯ ಪ್ರಮಾಣವನ್ನೂ ತೂಕ ಇಳಿದಂತೆ ಬದಲಿಸಬೇಕಾಗಬಹುದು. ಈ ಬದಲಾವಣೆಗಳನ್ನು ವೈದ್ಯರು ಮಾಡಬೇಕು, ಆಹಾರ ಬದಲಿಸುವ ಮುಂಚೆಯೇ ಮಾಡಬೇಕು. ಮೆಟ್‌ಫಾರ್ಮಿನ್ ಒಂದೇ ಇದ್ದವರಿಗೆ ಸಕ್ಕರೆ ಕುಸಿಯುವುದು ಅಪರೂಪ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18ರ ಒಳಗಿನವರು, ಟೈಪ್ 1 ಸಕ್ಕರೆ ಕಾಯಿಲೆಯವರು, ಊಟದ ಬಗ್ಗೆಯೇ ಭಯ ಬೆಳೆಸಿಕೊಂಡವರು ಈ ದಾರಿ ಹಿಡಿಯಬಾರದು. ಯೂರಿಕ್ ಆಮ್ಲ ಹೆಚ್ಚಿದ್ದು ಕಾಲಿನ ಹೆಬ್ಬೆರಳು ಊದುವವರಿಗೆ ಉಪವಾಸ ನೋವನ್ನು ಕೆದಕುತ್ತದೆ. ಉಳಿದವರು ಶುರು ಮಾಡುವ ಮುನ್ನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಯೂರಿಕ್ ಆಮ್ಲ, ಕೊಲೆಸ್ಟ್ರಾಲ್ ನೋಡಿಸಿ, ಮೂರು ತಿಂಗಳಿಗೆ ಕೊಲೆಸ್ಟ್ರಾಲ್ ಮತ್ತೊಮ್ಮೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರಿದ್ದರೆ ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ತಗ್ಗಿಸಿ ಕಡಲೆಕಾಯಿ ಎಣ್ಣೆ, ಮೀನು, ಬೀಜಗಳ ಕಡೆ ತಿರುಗಬೇಕು.

ತೂಕ ನಿಂತಾಗ

ಎರಡು ತಿಂಗಳ ಬಳಿಕ ಮುಳ್ಳು ಅಲುಗಾಡದೆ ನಿಲ್ಲುವುದು ಸಹಜ. ಬೆಳಗ್ಗೆ ಶೌಚ ಮುಗಿಸಿ ದಿನವೂ ತೂಗಿ, ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ, ದಿನದ ಅಂಕಿಯನ್ನು ನಂಬಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಹಿಡಿದು ಹದಿನೈದು ದಿನಕ್ಕೊಮ್ಮೆ ಸುತ್ತಳತೆ ಬರೆದಿಡಿ. ನಮ್ಮವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಗಡಿ. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ಏನನ್ನೂ ಬದಲಿಸಬೇಡಿ. ತೂಕ, ಸೊಂಟ ಎರಡೂ ಮೂರು ವಾರ ಅಲುಗದೆ ನಿಂತಿದ್ದರೆ ಮೊದಲು ಎಣ್ಣೆ ಡಬ್ಬಿ ನೋಡಿ. ಒಬ್ಬರಿಗೆ ತಿಂಗಳಿಗೆ 600 ಮಿಲಿಲೀಟರ್ ಮೀರಿದ್ದರೆ ಕಾರಣ ಅಲ್ಲೇ ಇದೆ. ಆಮೇಲೆ ಕಡಲೆಬೀಜ, ಗೋಡಂಬಿ: ಕಾರ್ಬ್ ಕಡಿಮೆ ಎಂದು ಬೊಗಸೆಗಟ್ಟಲೆ ತಿಂದರೆ 100 ಗ್ರಾಂಗೆ 550 ಕ್ಯಾಲೊರಿಯ ಮೇಲಾಗುತ್ತದೆ. ಮೂರನೆಯದು ಶನಿವಾರ, ಭಾನುವಾರ ಅಳತೆ ತಪ್ಪಿ ತಿನ್ನುವುದು. ಇವು ಮೂರೂ ಸರಿಯಿದ್ದರೆ ಮಾತ್ರ ಉಪವಾಸವನ್ನು ಒಂದು ಗಂಟೆ ಹೆಚ್ಚಿಸುವ ಯೋಚನೆ ಮಾಡಿ.

ಬೇಕಾದಷ್ಟು ಇಳಿದ ಮೇಲೆ ಅನ್ನಕ್ಕೆ ಮರಳುವುದೂ ಅಳತೆಯಲ್ಲೇ ನಡೆಯಬೇಕು. ವಾರಕ್ಕೆ 20 ಗ್ರಾಂ ಅಕ್ಕಿ ಅಥವಾ ರಾಗಿಹಿಟ್ಟನ್ನು ದಿನದ ಲೆಕ್ಕಕ್ಕೆ ಸೇರಿಸುತ್ತಾ ಹೋಗಿ, ಅದನ್ನು ಮಧ್ಯಾಹ್ನದ ಊಟಕ್ಕೇ ಇಡಿ. ಮೊದಲ ವಾರ ನೀರಿನ ತೂಕ ಒಂದು ಕೆ.ಜಿ. ಏರುತ್ತದೆ, ಅದನ್ನು ಬಿಟ್ಟುಬಿಡಿ. ಅಲ್ಲಿಂದ ಮುಂದೆ ಎರಡು ವಾರ ಸತತ ಸೊಂಟದ ಟೇಪ್ ಒಂದು ಸೆಂ.ಮೀ. ಸಡಿಲ ಕೇಳಿದರೆ ಹಿಂದಿನ ವಾರದ ಅಳತೆಗೆ ಬಂದು ನಿಲ್ಲಿ. ಆ ಹಿಟ್ಟಿನ ಅಳತೆಯ ಲೋಟದ ಮೇಲೆ ಒಂದು ಗೆರೆ ಎಳೆದಿಟ್ಟುಕೊಳ್ಳಿ, ಮುದ್ದೆ ತಿರುವುವವರು ಯಾರೇ ಆದರೂ ಅಷ್ಟಕ್ಕೇ ತುಂಬಲಿ.